ಗುಳಿಗೆ ಅರ್ಧಕ್ಕೆ ಬಿಡಬೇಡಿ

ನಾರ್ವದ ಒಂದು ಮನೆ. ಸೊಸೆಯ ಕಾಲಿನ ಗಾಯ ಕೀವಾಗಿತ್ತು. ಡಾಕ್ಟರು ಐದು ದಿನಕ್ಕೆ ಆಂಟಿಬಯೋಟಿಕ್ ಗುಳಿಗೆ ಬರೆದುಕೊಟ್ಟರು. ಎರಡೇ ದಿನಕ್ಕೆ ನೋವು ಇಳಿಯಿತು.

"ಉಳಿದ ಗುಳಿಗಿ ತೆಗೆದಿಡವ್ವ. ಮೊಮ್ಮಗಗ ನೆಗಡಿ ಬಂದ್ರ ಆಗ್ತಾವ" ಎಂದಳು ಅತ್ತೆ.

"ಬ್ಯಾಡ್ರಿ ಅತ್ತಿ. ಐದು ದಿನಾನೂ ತಗೋ ಅಂದಾರ ಡಾಕ್ಟರು" ಎಂದಳು ಸೊಸೆ.

ಸೊಸೆಯ ಮಾತು ಸರಿ. ಯಾಕೆ?

ಕೀವಿನಲ್ಲಿ ಬ್ಯಾಕ್ಟೀರಿಯಾ ಎಂಬ ರೋಗಾಣುಗಳಿರುತ್ತವೆ. ಅವು ಕಣ್ಣಿಗೆ ಕಾಣವು. ಲ್ಯಾಬಿನಲ್ಲಿ ಅವನ್ನು ಮುಚ್ಚಳವಿರುವ ತಟ್ಟೆಯಲ್ಲಿ ಹರಡುತ್ತಾರೆ. ಮೇಲೆ ಔಷಧ ತುಂಬಿದ ಕಾಗದದ ಬಿಲ್ಲೆ ಇಡುತ್ತಾರೆ. ಮರುದಿನ ನೋಡುತ್ತಾರೆ. ಬಿಲ್ಲೆಯ ಸುತ್ತ ಚೆನ್ನಾಗಿ ಬಯಲಾಗಿದ್ದರೆ ಔಷಧ ನಾಟಿದೆ. ಬಿಲ್ಲೆಯ ತನಕ ರೋಗಾಣು ಬೆಳೆದಿದ್ದರೆ ನಾಟಿಲ್ಲ.

ಗುಳಿಗೆ ಅರ್ಧಕ್ಕೆ ಬಿಟ್ಟರೆ ಗಟ್ಟಿ ರೋಗಾಣುಗಳು ಉಳಿಯಬಹುದು. ಅವೇ ಬೆಳೆದು ಹೆಚ್ಚಿದರೆ ಮುಂದೆ ಆ ಔಷಧ ನಾಟದು.

ನೆಗಡಿ ಬರುವುದು ವೈರಸ್‌ನಿಂದ. ಅದಕ್ಕೆ ಈ ಗುಳಿಗೆ ಕೆಲಸ ಮಾಡದು.

ಫಿನಾಯಿಲ್ ಕೂಡ ರೋಗಾಣು ಕೊಲ್ಲುತ್ತದೆ. ಆದರೆ ಅದು ನೆಲಕ್ಕೆ, ಬಚ್ಚಲಿಗೆ. ಗಾಯಕ್ಕೆ ಹಚ್ಚಬೇಡಿ. ಬ್ಲೀಚಿಂಗ್ ಪುಡಿಯ ಜೊತೆ ಬೆರೆಸಬೇಡಿ.

ಗುಳಿಗೆಯ ಪಟ್ಟಿ ಮೇಲೆ ಕೆಂಪು ಗೆರೆ ಇದೆಯೇ? ನೋಡಿ. ಇದ್ದರೆ ಡಾಕ್ಟರ ಚೀಟಿ ಇಲ್ಲದೆ ಕೊಳ್ಳಬೇಡಿ.

ಉತ್ತರ ಬರೆಯಿರಿ:
1. ಔಷಧ ನಾಟಿದ್ದು ತಟ್ಟೆಯಲ್ಲಿ ಹೇಗೆ ಗೊತ್ತಾಗುತ್ತದೆ?
2. ನಿಮ್ಮ ಮನೆಯಲ್ಲಿ ಉಳಿದ ಗುಳಿಗೆ ಇವೆಯೇ? ಯಾಕೆ ಉಳಿದವು?