ಗಾಲಿಯ ಮನೆ ಕೊಳ್ಳುವ ಮುನ್ನ

ನಿವೃತ್ತಿಯಾದ ಮೇಲೆ ತಿಂಗಳುಗಟ್ಟಲೆ ಊರೂರು ಸುತ್ತಲು ಗಾಲಿಯ ಮೇಲಿನ ಮನೆ ಕೊಳ್ಳಬೇಕೆನ್ನುವವರು ಮೊದಲು ನೋಡಬೇಕಾದದ್ದು ಹಾಸಿಗೆಯ ಅಗಲವನ್ನಲ್ಲ, ತೂಕವನ್ನು. ಅಮೆರಿಕದ ರಸ್ತೆಗಳಲ್ಲಿ ಕಾಣುವ ‘ಫಿಫ್ತ್ ವ್ಹೀಲ್’ ಟ್ರೇಲರಿನ ಕೊಂಡಿ ಪಿಕಪ್ ಟ್ರಕ್ಕಿನ ಹಿಂದಿನ ಅಚ್ಚಿನ ಮೇಲೆ ಕೂರುತ್ತದೆ. ಟ್ರೇಲರಿನ ತೂಕದಲ್ಲಿ ಸುಮಾರು ಐದರಲ್ಲೊಂದು ಪಾಲು ಟ್ರಕ್ಕಿನ ಮೇಲೆಯೇ ಬೀಳುತ್ತದೆ. ಇದರಿಂದ ಓಲಾಟ ಕಡಿಮೆ, ನಿಜ. ಆದರೆ 200 ಲೀಟರ್ ನೀರು ತುಂಬಿಸಿದರೆ 200 ಕಿಲೋ, ತುಂಬಿದ ಅಡುಗೆ ಸಿಲಿಂಡರಿಗೆ ಸುಮಾರು 30 ಕಿಲೋ. ಬ್ಯಾಟರಿ, ಪಾತ್ರೆ, ಅಕ್ಕಿ ಬೇಳೆ ಬೇರೆ. ಖಾಲಿ ಗಾಡಿಯ ತೂಕ ನಂಬಿ ಕೊಂಡವರಿಗೆ ಬ್ರೇಕು, ಟೈರುಗಳೇ ಆಮೇಲೆ ಲೆಕ್ಕ ಹೇಳುತ್ತವೆ.

ನಮ್ಮ ಸೀಮೆಗೆ ಅಷ್ಟು ದೊಡ್ಡದು ಬೇಡವೆಂದೇ ನನ್ನ ಅಭಿಪ್ರಾಯ. ಹಾವೇರಿ, ರಾಣೆಬೆನ್ನೂರುಗಳ ನಡುವಿನ ಹೆದ್ದಾರಿ 48ರಲ್ಲಿ ಏನನ್ನಾದರೂ ಎಳೆಯಬಹುದು. ನೋಡಬೇಕಾದದ್ದೆಲ್ಲ ಇರುವುದು ಹೆದ್ದಾರಿ ಬಿಟ್ಟ ಮೇಲೆ: ವರದಾ ತುಂಗಭದ್ರೆಯನ್ನು ಸೇರುವಲ್ಲಿ, ಪಿರಮಿಡ್ಡಿನಂತೆ ಮೆಟ್ಟಿಲು ಮೆಟ್ಟಿಲಾಗಿ ಏರಿದ ತಳದ ಮೇಲೆ ನಿಂತ ಗಳಗೇಶ್ವರ ಗುಡಿ, ತುಂಗಭದ್ರೆಯದೇ ದಂಡೆಯ ಚೌಡದಾನಪುರದ ಮುಕ್ತೇಶ್ವರ. ಆ ಹಳ್ಳಿದಾರಿಯಲ್ಲಿ ಎದುರಿಗೆ ಗೋವಿನಜೋಳದ ಟ್ರ್ಯಾಕ್ಟರ್ ಬಂದರೆ ಉದ್ದದ ಟ್ರೇಲರನ್ನು ಹಿಂದೆ ಸರಿಸುವುದೇ ಕಷ್ಟ; ಮೆಣಸಿನಕಾಯಿ ಸುಗ್ಗಿಯ ಬ್ಯಾಡಗಿಯಲ್ಲಂತೂ ಕೇಳುವುದೇ ಬೇಡ. ಟ್ರೇಲರನ್ನು ಒಂದೆಡೆ ನಿಲ್ಲಿಸಿ ಟ್ರಕ್ಕಿನಲ್ಲಿ ತಿರುಗಬಹುದಲ್ಲ ಎನ್ನುತ್ತಾರೆ. ಅದಕ್ಕೆ ನೀರು, ಕರೆಂಟು, ಕೊಳೆನೀರಿನ ಕೊಳವೆ ಇರುವ ತಾಣ ಬೇಕು. ಇಲ್ಲಿ ಅಂಥವು ಅಪರೂಪ. ಹಾಗಾಗಿ ನಮಗೆ ಚಿಕ್ಕ ವ್ಯಾನೇ ಸರಿ. ಅದರಲ್ಲಿ ತಿಂಗಳುಗಟ್ಟಲೆ ಇರಲಾಗದು ಎಂಬ ಮಾತಿನಲ್ಲಿ ಹುರುಳಿದೆ, ಮಂಡಿನೋವಿನವರಿಗಂತೂ ಹೆಚ್ಚು. ಅಂಥವರು ನಾಲ್ಕೈದು ದಿನಕ್ಕೊಮ್ಮೆ ಊರಿನ ಲಾಡ್ಜಿನಲ್ಲಿ ಉಳಿದು, ಬಟ್ಟೆ ಒಗೆದುಕೊಂಡು ಮುಂದೆ ಹೋಗಲಿ. ಹಳೆಯ ವ್ಯಾನನ್ನೇ ಮನೆಯಾಗಿಸುವುದಾದರೆ ಮೊದಲು ಆರ್‌ಟಿಒ ಒಪ್ಪಿಗೆ ಪಡೆಯಿರಿ. ನೀರು, ಸಾಮಾನು ತುಂಬಿಸಿ ವೇಬ್ರಿಜ್‌ನಲ್ಲಿ ಒಮ್ಮೆ ತೂಗಿಸಿಯೇ ಹೊರಡಿ.