ಅಡಿಗೆಮನೆಯ ಉಳಿಕೆಯೂ ಕೋಳಿಯ ಹೊಟ್ಟೆಯೂ

ಮಿಕ್ಕ ಅನ್ನವನ್ನಾಗಲಿ ಹುಳಿಯೇರಿದ ಮೊಸರನ್ನಾಗಲಿ ಚೆಲ್ಲಲು ನಮ್ಮವರಿಗೆ ಮನಸ್ಸು ಬಾರದು. ಊರಿನಲ್ಲಾದರೆ ಅವು ದನದ ಕಲಗಚ್ಚಿಗೆ ಸೇರುವುವು. ಪರಸ್ಥಳದಲ್ಲಿ ತುಂಡು ಹಿತ್ತಿಲಿರುವ ಮನೆಯವರು ಎರಡು ನಾಲ್ಕು ಕೋಳಿ ಸಾಕಿ, ಉಳಿದುದನ್ನೆಲ್ಲ ಅವುಗಳ ಮುಂದೆ ಸುರಿಯುವುದುಂಟು. “ಖರ್ಚಿಲ್ಲದೆ ಮಕ್ಕಳಿಗೆ ಮೊಟ್ಟೆ” ಎಂಬುದು ಅವರ ಲೆಕ್ಕ. ಈ ಲೆಕ್ಕದಲ್ಲಿ ಅರ್ಧ ಸರಿ, ಅರ್ಧ ತಪ್ಪು. ಯಾವ ಅರ್ಧ ಸರಿ ಎಂಬುದನ್ನು ಈ ಪಾಠದಲ್ಲಿ ವಿಚಾರ ಮಾಡೋಣ.

1. ಬಟೇವಿಯದ ಕೋಳಿಗಳು

ಅಡಿಗೆಮನೆಯ ಉಳಿಕೆ ತಿಂದ ಕೋಳಿಗಳು ವೈದ್ಯಶಾಸ್ತ್ರಕ್ಕೇ ಒಂದು ದೊಡ್ಡ ಪಾಠ ಕಲಿಸಿವೆ. ಇಂದು ಜಕಾರ್ತ ಎನಿಸಿಕೊಂಡಿರುವ ಬಟೇವಿಯದಲ್ಲಿ, 1890ರ ಆಸುಪಾಸಿನಲ್ಲಿ, ಡಚ್ ವೈದ್ಯ ಕ್ರಿಶ್ಚಿಯಾನ್ ಐಕ್‌ಮನ್ ಬೆರಿಬೆರಿ ರೋಗಕ್ಕೆ ಕಾರಣವಾದ ಕ್ರಿಮಿಯನ್ನು ಹುಡುಕುತ್ತಿದ್ದನು. ಆಗ ಅವನ ಪ್ರಯೋಗಶಾಲೆಯ ಕೋಳಿಗಳು ಇದ್ದಕ್ಕಿದ್ದಂತೆ ಕಾಲಿನ ಬಲ ಕಳೆದುಕೊಂಡು ತೂರಾಡಿ ಬೀಳತೊಡಗಿದುವು. ಕೆಲವು ತಿಂಗಳ ಮೇಲೆ ರೋಗವು ತಾನಾಗಿಯೇ ನಿಂತಿತು. ವಿಚಾರಿಸಿದಾಗ ಸಂಗತಿ ಹೊರಬಿತ್ತು. ಕೋಳಿಗಳನ್ನು ನೋಡಿಕೊಳ್ಳುತ್ತಿದ್ದ ಆಳು ಖರ್ಚು ಉಳಿಸಲೆಂದು ಸೈನಿಕ ಆಸ್ಪತ್ರೆಯ ಅಡಿಗೆಮನೆಯಿಂದ ಮಿಕ್ಕ ಬಿಳಿ ಅನ್ನವನ್ನು ತಂದು ಹಾಕುತ್ತಿದ್ದನು. ಹೊಸದಾಗಿ ಬಂದ ಅಡಿಗೆಯವನು, ಸೈನ್ಯದ ಅನ್ನ ಹೊರಗಿನ ಕೋಳಿಗಳಿಗೆ ಸಲ್ಲದೆಂದು ನಿಲ್ಲಿಸಿಬಿಟ್ಟನು. ಮತ್ತೆ ತೌಡು ಸಹಿತವಾದ ಅಕ್ಕಿ ಸಿಕ್ಕಿದೊಡನೆ ಕೋಳಿಗಳು ಚೇತರಿಸಿಕೊಂಡುವು.

1901ರಲ್ಲಿ ಐಕ್‌ಮನ್‌ನ ಉತ್ತರಾಧಿಕಾರಿ ಗೆರಿಟ್ ಗ್ರಾಯ್ನ್ಸ್, ಪಾಲಿಶ್ ಮಾಡುವಾಗ ಅಕ್ಕಿಯಿಂದ ಹೊರಟುಹೋಗುವ ಯಾವುದೋ ಅವಶ್ಯ ವಸ್ತುವಿನ ಕೊರತೆಯೇ ರೋಗದ ಕಾರಣವೆಂದು ವಿವರಿಸಿದನು. ಆ ವಸ್ತುವೇ ಈಗ ನಾವು ಬಿ1 ಜೀವಸತ್ವವೆನ್ನುವುದು. 1929ರಲ್ಲಿ ಐಕ್‌ಮನ್‌ನಿಗೆ ನೊಬೆಲ್ ಪಾರಿತೋಷಕ ದೊರೆಯಿತು.

ಇದರ ತಾತ್ಪರ್ಯವೇನು? ಹೊಟ್ಟೆ ತುಂಬುವುದು ಬೇರೆ, ಮೈ ಪೋಷಣೆಯಾಗುವುದು ಬೇರೆ. ಬಿಳಿ ಅನ್ನದಿಂದ ಕೋಳಿಯ ಹೊಟ್ಟೆ ತುಂಬುವುದಷ್ಟೆ.

“ಊರಿನಲ್ಲಿ ಕೋಳಿಗಳು ಏನೂ ಹಾಕದೆಯೇ ಬದುಕುತ್ತವಲ್ಲ!” ಎಂದು ಕೆಲವರು ಕೇಳಬಹುದು. ಅವು ಬದುಕುವುದು ನಾವು ಎಸೆದ ಅನ್ನದ ಬಲದಿಂದಲ್ಲ. ದಿನವೆಲ್ಲ ತಿಪ್ಪೆ ಕೆದರಿ ಹುಳು, ಗೆದ್ದಲು, ಹಸುರು, ಕಾಳು, ಮಣ್ಣಿನ ಹರಳುಗಳನ್ನು ಅವು ತಾವೇ ಸಂಪಾದಿಸಿಕೊಳ್ಳುತ್ತವೆ. ನಗರದಲ್ಲಿ ಗೂಡಿನೊಳಗೆ ಕೂಡಿಟ್ಟ ಕೋಳಿಗೆ ಆ ಸಂಪಾದನೆಯಿಲ್ಲ. ಅದರ ಭಾರವೆಲ್ಲ ಸಾಕಿದವರ ಮೇಲೆ.

2. ಕೋಳಿಯ ಜಮಾ-ಖರ್ಚು

ಮೊಟ್ಟೆಯಿಡುವ ಕೋಳಿಯೊಂದು ದಿನಕ್ಕೆ ಸುಮಾರು 110 ಗ್ರಾಂ ಆಹಾರ ತಿನ್ನುತ್ತದೆ. ಒಂದು ಮೊಟ್ಟೆಯಲ್ಲಿ ಅದು ಸುಮಾರು 6 ಗ್ರಾಂ ಪ್ರೋಟೀನನ್ನೂ, ಚಿಪ್ಪಿನಲ್ಲಿ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಅನ್ನೂ ಹೊರಗೆ ಕೊಡುತ್ತದೆ. ಖರ್ಚು ಇಷ್ಟಿರುವಾಗ ಜಮಾ ಕಡೆಯಲ್ಲಿ ಅಷ್ಟು ಬಾರದಿದ್ದರೆ ಏನಾಗುವುದೆಂದು ಗುಮಾಸ್ತರಿಗೆ ಹೇಳಬೇಕಾಗಿಲ್ಲ. ಮೊದಲು ಕೋಳಿ ತನ್ನ ಮೂಳೆಯಿಂದಲೇ ಸುಣ್ಣವನ್ನು ತೆಗೆದು ಕೊಡುತ್ತದೆ. ಬಳಿಕ ಚಿಪ್ಪು ತೆಳುವಾಗುತ್ತದೆ. ಕೊನೆಗೆ ಮೊಟ್ಟೆಯೇ ನಿಲ್ಲುತ್ತದೆ.

ಅಂಗಡಿಯಲ್ಲಿ ಸಿಗುವ ಮೊಟ್ಟೆಕೋಳಿಯ ಆಹಾರದಲ್ಲಿ, ಅಂದರೆ ಲೇಯರ್ ಫೀಡಿನಲ್ಲಿ, ಈ ಪ್ರಮಾಣಗಳನ್ನು ಅಳೆದು ಸೇರಿಸಿರುತ್ತಾರೆ. ಆದಕಾರಣ ದಿನದ ಆಹಾರದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಅದೇ ಆಗಿರಬೇಕು. ಉಳಿದ ಒಂದು ಪಾಲು ಮಾತ್ರ ಅಡಿಗೆಮನೆಯದು. ಎಂದರೆ ಒಂದು ಕೋಳಿಗೆ ದಿನಕ್ಕೆ ಎಲ್ಲ ತಿನಿಸೂ ಸೇರಿ ಒಂದು ದೊಡ್ಡ ಚಮಚದಷ್ಟು. ಮರಿಗಳಿಗೆ ಅವುಗಳ ಆಹಾರವನ್ನಲ್ಲದೆ ಬೇರೇನನ್ನೂ ಹಾಕದಿರುವುದು ಲೇಸು.

3. ಮೊಸರಿನ ಬೆಲೆ

ಮೊಸರು ಕೊಟ್ಟರೆ ಚಿಪ್ಪು ಗಟ್ಟಿಯಾಗುವುದೆಂಬ ನಂಬಿಕೆ ಹಲವರಲ್ಲಿದೆ. ಲೆಕ್ಕ ಹಾಕಿ ನೋಡಿರಿ. 15 ಗ್ರಾಂ ಮೊಸರಿನಲ್ಲಿ, ಅಂದರೆ ಒಂದು ದೊಡ್ಡ ಚಮಚದಲ್ಲಿ, ಇರುವ ಕ್ಯಾಲ್ಸಿಯಂ ಸುಮಾರು 20 ಮಿಲಿಗ್ರಾಂ. ಚಿಪ್ಪಿಗೆ ಬೇಕಾದುದು 2,000 ಮಿಲಿಗ್ರಾಂ. ಮೊಸರಿನಿಂದಲೇ ಒಂದು ಚಿಪ್ಪು ಆಗಬೇಕಾದರೆ ನೂರು ಚಮಚ, ಎಂದರೆ ಒಂದೂವರೆ ಕಿಲೋ ಮೊಸರು ಬೇಕು! ಮಕ್ಕಳ ಊಟದ ಮೊಸರನ್ನು ಕೋಳಿಗೆ ಹಾಕುವುದು ಲಾಭದ ವ್ಯಾಪಾರವಲ್ಲ. ಒಡೆದ ಮೊಟ್ಟೆಯ ಚಿಪ್ಪನ್ನು ತೊಳೆದು, ಕಾಯಿಸಿ ಒಣಗಿಸಿ, ಗುರುತು ಸಿಗದಂತೆ ಪುಡಿಮಾಡಿ, ಅಥವಾ ಕಪ್ಪೆಚಿಪ್ಪಿನ ಚೂರನ್ನು ಬೇರೊಂದು ಬಟ್ಟಲಲ್ಲಿ ಇಟ್ಟರೆ ಸಾಕು. ಕೋಳಿ ತನಗೆ ಬೇಕಾದಷ್ಟನ್ನು ತಾನೇ ಹೆಕ್ಕಿಕೊಳ್ಳುತ್ತದೆ.

ಹಾಗಾದರೆ ಮೊಸರು ಕೊಡಲೇಬಾರದೆ? ಕೊಡಬಹುದು. ಹಾಲಿನ ಸಕ್ಕರೆಯನ್ನು ಜೀರ್ಣಿಸುವ ಶಕ್ತಿ ಹಕ್ಕಿಗಳಿಗಿಲ್ಲ. ಆದುದರಿಂದ ಹಾಲು ಹೆಚ್ಚಾದರೆ ಅವುಗಳಿಗೆ ಭೇದಿಯಾಗುವುದು. ಹೆಪ್ಪು ಹಾಕಿದಾಗ ಆ ಸಕ್ಕರೆಯಲ್ಲಿ ಸ್ವಲ್ಪ ಭಾಗ ಹುಳಿಯಾಗಿ ಮಾರ್ಪಡುವುದರಿಂದ ಹಾಲಿಗಿಂತ ಮೊಸರು ವಾಸಿ. ವಾರಕ್ಕೆ ಎರಡು ಸಲ, ಕೋಳಿಗೊಂದು ಚಮಚದಂತೆ, ಉಪ್ಪು ಸಕ್ಕರೆ ಬೆರೆಸದ ಮೊಸರನ್ನು ಕೊಡಬಹುದು. ಹುಳಿ ಪದಾರ್ಥವು ಸತುವಿನ ಲೇಪದ ತಗಡನ್ನೂ ತಾಮ್ರವನ್ನೂ ಕರಗಿಸುವುದರಿಂದ ಮಣ್ಣಿನ ಅಥವಾ ಸ್ಟೀಲಿನ ತಟ್ಟೆಯನ್ನೇ ಬಳಸತಕ್ಕದ್ದು.

4. ಸಲ್ಲುವುದು, ಸಲ್ಲದುದು

ಸೊಪ್ಪಿನ ದಂಟು, ಎಲೆಕೋಸಿನ ಹೊರ ಎಲೆ, ಸೌತೆ, ಕುಂಬಳದ ತಿರುಳು ಮತ್ತು ಬೀಜ, ಕಲ್ಲಂಗಡಿಯ ಸಿಪ್ಪೆ, ಉಪ್ಪಿಲ್ಲದೆ ಬೆಂದ ಬೇಳೆ, ಸ್ವಲ್ಪ ಅನ್ನ — ಇವು ಸಲ್ಲುವುವು. ಹಸಿರು ಬಣ್ಣಕ್ಕೆ ತಿರುಗಿದ ಆಲೂಗೆಡ್ಡೆಯ ಸಿಪ್ಪೆ, ಬೇಯಿಸದ ರಾಜ್ಮಾ ಮೊದಲಾದ ಕಾಳು, ಬೆಣ್ಣೆಹಣ್ಣು, ಚಹಾ-ಕಾಫಿಯ ಚರಟ, ಚಾಕೊಲೇಟು — ಇವುಗಳಲ್ಲಿ ವಿಷಾಂಶವಿದೆ, ಕೊಡಕೂಡದು.

ಹೋಟೆಲಿನಲ್ಲಿ ಕೆಲಸ ಮಾಡುವ ಬಂಧುಗಳಿಗೆ ಒಂದು ಮಾತು. ಬಕೆಟ್ಟಿನಲ್ಲಿ ಉಳಿದ ಸಾಂಬಾರು, ಚಟ್ನಿ, ಉಪ್ಪಿಟ್ಟು ಕೋಳಿಗೆ ಹಬ್ಬವೆಂದು ತೋರಬಹುದು. ಅದರಲ್ಲಿರುವ ಮೆಣಸಿನಕಾಯಿಯ ಖಾರ ಹಕ್ಕಿಗಳ ನಾಲಿಗೆಗೆ ತಿಳಿಯುವುದೇ ಇಲ್ಲ. ಅಪಾಯವಿರುವುದು ಉಪ್ಪಿನಲ್ಲಿ. ಉಪ್ಪು ಮಿತಿಮೀರಿದರೆ ಕೋಳಿ ಬಾಯಾರಿ, ನೀರು ಭೇದಿಯಾಗಿ, ಸಾಯಲೂಬಹುದು. ಒಗ್ಗರಣೆ ಕಂಡ ಪದಾರ್ಥವನ್ನು ಗೂಡಿನ ಹತ್ತಿರಕ್ಕೆ ತಾರದಿರುವುದೇ ಕ್ಷೇಮ.

5. ಬೂಷ್ಟು ಎಂಬ ಶತ್ರು

“ನಮಗಾಗದ್ದು ಕೋಳಿಗಾದೀತು” ಎಂಬ ಮಾತು ತೀರ ಅಪಾಯಕರ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು. ಅವು ತಿಂದ ಕಡಲೆಕಾಯಿ ಹಿಂಡಿಯಲ್ಲಿ ಬೂಷ್ಟು ಬೆಳೆದಿತ್ತು. ಆ ಬೂಷ್ಟಿನ ವಿಷಕ್ಕೆ ಅಫ್ಲಟಾಕ್ಸಿನ್ ಎಂದು ಹೆಸರಾಯಿತು. ಕುದಿಸಿದರೂ ಅದು ಹೋಗದು. ಬೂಷ್ಟು ಹಿಡಿದ ರೊಟ್ಟಿ, ಬ್ರೆಡ್ಡು, ಕಾಯಿಚೂರು, ಕಡಲೆಕಾಯಿ ಯಾವುದನ್ನೂ ಹಾಕಬಾರದು. ಮಳೆಗಾಲದಲ್ಲಿ ಫೀಡಿನ ಚೀಲವನ್ನೂ ಮುಚ್ಚಿ, ಒಣಗಿದ ಜಾಗದಲ್ಲಿ ಇಡಬೇಕು.

ಅಡಿಗೆಮನೆಯ ಉಳಿಕೆಯಿಂದ ರೋಗ ಹರಡುವ ಭಯವೂ ಉಂಟು. 2001ರಲ್ಲಿ ಬ್ರಿಟನ್ನಿನಲ್ಲಿ ದನಗಳಿಗೆ ಕಾಲುಬಾಯಿ ಜ್ವರ ಹಬ್ಬಿದ ಮೇಲೆ ಅಲ್ಲಿಯ ಸರಕಾರ ಎಂಜಲು ಮುಸುರೆಯನ್ನು ಸಾಕುಪ್ರಾಣಿಗಳಿಗೆ ಹಾಕುವುದನ್ನು ನಿಷೇಧಿಸಿತು. ನಮ್ಮ ದೇಶದಲ್ಲಿ 2006ರಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ ಕೋಳಿಜ್ವರ ಕಾಣಿಸಿಕೊಂಡಿತು. ಹಸಿ ಮಾಂಸದ ತ್ಯಾಜ್ಯವನ್ನು, ಅದರಲ್ಲೂ ಕೋಳಿ ಅಂಗಡಿಯ ತ್ಯಾಜ್ಯವನ್ನು, ಎಂದಿಗೂ ಹಾಕತಕ್ಕದ್ದಲ್ಲ.

6. ನಿತ್ಯದ ಕ್ರಮ

ಬೆಳಿಗ್ಗೆ ಫೀಡು ಮತ್ತು ಶುದ್ಧ ನೀರು; ಮಧ್ಯಾಹ್ನದ ಮೇಲೆ ತಿನಿಸು. ಇಪ್ಪತ್ತು ನಿಮಿಷದಲ್ಲಿ ಮುಗಿಸದೆ ಬಿಟ್ಟುದನ್ನು ತೆಗೆದುಬಿಡಬೇಕು. ಇಲ್ಲವಾದರೆ ರಾತ್ರಿ ಇಲಿಗಳು ಬರುವುವು, ನೆರೆಯವರ ದೂರೂ ಬರುವುದು. ಗೂಡಿನ ಕೆಲಸವಾದ ಮೇಲೆ ಮಕ್ಕಳೂ ದೊಡ್ಡವರೂ ಸೋಪಿನಿಂದ ಕೈ ತೊಳೆಯಬೇಕು.

ಹೀಗೆ ನಡೆದರೆ ಉಳಿಕೆ ವ್ಯರ್ಥವಾಗದು, ಕೋಳಿಯೂ ಕೆಡದು. ಊರಿಗೆ ಕಾಗದ ಬರೆಯುವಾಗಲೋ ಫೋನಿನಲ್ಲಿ ಮಾತನಾಡುವಾಗಲೋ, ಕೋಳಿ ಸಾಕುವ ತಾಯಿ-ತಂಗಿಯರಿಗೆ ಈ ನಾಲ್ಕು ಮಾತು ತಿಳಿಸಿದರೆ ಅವರಿಗೂ ಉಪಕಾರವಾದೀತು.

ಮನನಕ್ಕಾಗಿ ಪ್ರಶ್ನೆಗಳು

1. ಬಟೇವಿಯದ ಕೋಳಿಗಳು ಹೊಟ್ಟೆ ತುಂಬ ತಿಂದರೂ ಏಕೆ ಬಿದ್ದುವು?
2. ನಾಲ್ಕು ಕೋಳಿಗಳಿರುವ ಮನೆಯಲ್ಲಿ ದಿನಕ್ಕೆ ಎಷ್ಟು ಫೀಡು ಬೇಕು? ತಿನಿಸು ಎಷ್ಟಿರಬಹುದು?
3. ತೆಳು ಚಿಪ್ಪಿಗೆ ಮೊಸರು ಏಕೆ ಔಷಧವಲ್ಲ?
4. ಇಂದು ನಿಮ್ಮ ಮನೆಯಲ್ಲಿ ಉಳಿದ ಪದಾರ್ಥಗಳಲ್ಲಿ ಯಾವುದು ಕೋಳಿಗೆ ಸಲ್ಲುವುದು, ಯಾವುದು ಸಲ್ಲದು?