ಸಿಗುವ ತನಕದ ಕೆಲಸ

ತಮ್ಮಾ, ಶಿಲ್ಪಕಲೆಯ ಪದವಿ ಮುಗಿದು ಎರಡು ವರ್ಷವಾದರೂ ನಿನ್ನದು ಎನ್ನುವ ಶೈಲಿ ಸಿಕ್ಕಿಲ್ಲ ಎಂದು ಕೊರಗುತ್ತೀಯ. ಕಂಚಿನ ಎರಕ ಹೊಯ್ಯಿಸಲು ದುಡ್ಡಿಲ್ಲ, ಗ್ಯಾಲರಿಯವರ ಪರಿಚಯವಿಲ್ಲ ಎನ್ನುತ್ತೀಯ. ನಿನಗೆ ಎಲ್ ಅನಾಟ್ಸುಯಿ ಅವರ ಬದುಕನ್ನು ಹೇಳಬೇಕು. ಈಗ ಲೋಹದಲ್ಲಿ ಕೆಲಸ ಮಾಡುತ್ತಿರುವ ಶಿಲ್ಪಿಗಳಲ್ಲಿ ನಾನು ಎಲ್ಲರಿಗಿಂತ ಮೇಲಿಡುವ ಹೆಸರು ಅದು.

ಅವರು ಹುಟ್ಟಿದ್ದು 1944ರಲ್ಲಿ, ಇಂದಿನ ಘಾನಾದ ಅನ್ಯಾಕೊ ಊರಿನಲ್ಲಿ. ತಂದೆ ಕೆಂಟೆ ಬಟ್ಟೆ ನೇಯುತ್ತಿದ್ದವರು. ಮಗ ಮಗ್ಗ ಕಲಿಯಲಿಲ್ಲ. ಕುಮಾಸಿಯ ಕಲಾಶಾಲೆಯಲ್ಲಿ ಸಿಕ್ಕಿದ್ದು ಬಹುಪಾಲು ಯುರೋಪಿನ ಪಾಠ. ಅದು ಸಾಲದೆನಿಸಿ, ಅದೇ ಊರಿನ ಸಾಂಸ್ಕೃತಿಕ ಕೇಂದ್ರಕ್ಕೆ ಹೋಗಿ ಕುಶಲಕರ್ಮಿಗಳ ಕೆಲಸ ನೋಡಿ ಕಲಿತರು. ಮೊದಮೊದಲ ಕೃತಿಗಳಿಗೆ ಹಿಡಿದದ್ದು ಸಂತೆಯಲ್ಲಿ ಸಾಮಾನು ಜೋಡಿಸಿಡುವ ಮರದ ತಟ್ಟೆಗಳನ್ನು. ಕಾದ ಕಬ್ಬಿಣದಿಂದ ಅವುಗಳ ಮೇಲೆ ಚಿತ್ತಾರ ಸುಟ್ಟರು. 1975ರಲ್ಲಿ ನೈಜೀರಿಯಾದ ನ್ಸುಕ್ಕಾದ ವಿಶ್ವವಿದ್ಯಾಲಯಕ್ಕೆ ಮೇಷ್ಟ್ರಾಗಿ ಹೋದರು. ಅಲ್ಲಿ ಒಡೆದ ಮಡಕೆಗಳ ಸರಣಿ, ಆಮೇಲೆ ಮರದ ಹಲಗೆಗಳನ್ನು ಯಂತ್ರದ ಗರಗಸದಿಂದ ಸೀಳಿ, ಸುಟ್ಟು, ಬಣ್ಣ ಹಚ್ಚುವ ಕೆಲಸ, ವರ್ಷಗಟ್ಟಲೆ.

ಲೋಹ ಬಂದದ್ದು 1990ರ ದಶಕದ ಕೊನೆಗೆ. ಯಾರೋ ಪೊದೆಯಲ್ಲಿ ಬಿಸಾಡಿದ್ದ ಒಂದು ಚೀಲ, ಅದರೊಳಗೆ ಮದ್ಯದ ಬಾಟಲಿಗಳ ಅಲ್ಯೂಮಿನಿಯಂ ಮುಚ್ಚಳ. ತಂದು ಸ್ಟುಡಿಯೊದಲ್ಲಿ ಇಟ್ಟುಕೊಂಡರು. ತಿಂಗಳುಗಳ ತನಕ ಅದರಿಂದ ಏನೂ ಮಾಡಲಿಲ್ಲ. ವಯಸ್ಸು ಐವತ್ತು ದಾಟಿತ್ತು. ನಿನಗಾಗಿದ್ದರೆ ಅದೇ ರಾತ್ರಿ ಅಂಟು ಹಚ್ಚಿ ಏನೋ ಒಂದು ಮಾಡಿ ಫೋಟೊ ಹಾಕುವ ಆತುರ ಇರುತ್ತಿತ್ತು, ಅಲ್ಲವೇ? ಸುಮ್ಮನೆ ಬಿದ್ದಿದ್ದ ಆ ತಿಂಗಳುಗಳೂ ಕೆಲಸದ ತಿಂಗಳುಗಳೇ ಎಂದು ನಾನು ನಂಬಿದ್ದೇನೆ. ಸಂತೆಯ ತಟ್ಟೆಯಲ್ಲಿ, ಒಡೆದ ಮಡಕೆಯಲ್ಲಿ ಜನರ ಕೈ ಸೋಕಿದ ಗುರುತು ಹುಡುಕುತ್ತ ಬಂದವರಿಗೆ ಮಾತ್ರ ಆ ಚೀಲ ಕಸವಾಗಿ ಕಾಣದಿರಲು ಸಾಧ್ಯ.

ಆ ಮುಚ್ಚಳಗಳನ್ನು ಬಡಿದು ಚಪ್ಪಟೆ ಮಾಡಿದರು, ಮಡಚಿದರು, ತಿರುಚಿದರು, ಉಂಗುರಗಳಾಗಿ ಕತ್ತರಿಸಿದರು. ಅಂಚಿಗೆ ತೂತು ಹಾಕಿ ತಾಮ್ರದ ತಂತಿಯಿಂದ ಒಂದಕ್ಕೊಂದು ಹೊಲಿದರು. ದೂರದಿಂದ ನೋಡಿದರೆ ಗೋಡೆಗೆ ಇಳಿಬಿಟ್ಟ ಬಂಗಾರದ ಬಣ್ಣದ ಬಟ್ಟೆ. ಹತ್ತಿರ ಹೋದರೆ ಮದ್ಯದ ಹೆಸರುಗಳನ್ನು ಓದಬಹುದು. ಪಶ್ಚಿಮ ಆಫ್ರಿಕಾದ ಕರಾವಳಿಗೆ ಇಂಥ ಮದ್ಯವನ್ನು ಹಡಗಿನಲ್ಲಿ ತಂದವರು ಯುರೋಪಿನ ವ್ಯಾಪಾರಿಗಳು. ಗುಲಾಮರ ವ್ಯಾಪಾರದಲ್ಲಿ ಅದೂ ಒಂದು ಸರಕಾಗಿತ್ತು. ಆ ಇತಿಹಾಸವನ್ನು ಅವರು ಭಾಷಣ ಮಾಡಿ ಹೇಳಬೇಕಾಗಲಿಲ್ಲ, ಮುಚ್ಚಳದಲ್ಲೇ ಇತ್ತು. ಇನ್ನೊಂದು ಸಂಗತಿ ನನಗೆ ಬಹಳ ಇಷ್ಟ: ಈ ಲೋಹವನ್ನು ಮಡಚಿ ಪೆಟ್ಟಿಗೆಯಲ್ಲಿ ಕಳಿಸಬಹುದು. ಹೇಗೆ ತೂಗಬೇಕು, ನೆರಿಗೆ ಎಲ್ಲಿ ಬೀಳಬೇಕು ಎಂಬುದನ್ನು ತೂಗುಹಾಕುವವರ ನಿರ್ಧಾರಕ್ಕೇ ಅವರು ಬಿಡುತ್ತಾರೆ. ಅಷ್ಟು ಬಿಟ್ಟುಕೊಡುವ ಧೈರ್ಯ ನನಗೆ ತಿಳಿದ ಶಿಲ್ಪಿಗಳಲ್ಲಿ ಬಹಳ ಕಡಿಮೆ ಜನರಿಗಿದೆ.

ಮನ್ನಣೆ ಆಮೇಲೆ ಬಂತು. 2007ರ ವೆನಿಸ್ ಬಿಯೆನಾಲೆ ಕಲಾ ಪ್ರದರ್ಶನ ಅವರನ್ನು ಜಗತ್ತಿಗೆಲ್ಲ ಪರಿಚಯಿಸಿತು. 2015ರಲ್ಲಿ ಅಲ್ಲೇ ಜೀವಮಾನ ಸಾಧನೆಗೆ ಚಿನ್ನದ ಸಿಂಹ ಪ್ರಶಸ್ತಿ. 2023ರಲ್ಲಿ ಲಂಡನ್ನಿನ ಟೇಟ್ ಮಾಡರ್ನ್ ಕಲಾ ಸಂಗ್ರಹಾಲಯದ ಟರ್ಬೈನ್ ಹಾಲ್‌ನಲ್ಲಿ ಪ್ರದರ್ಶನ. ಆದರೆ ಇದು ಅವರೊಬ್ಬರ ದುಡಿಮೆಯಲ್ಲ, ಮುಚ್ಚಳಗಳ ಹೊಲಿಗೆಯ ಕೆಲಸದಲ್ಲಿ ನ್ಸುಕ್ಕಾದ ಎಷ್ಟೋ ಹುಡುಗರ ಕೈಯಿದೆ. ನೀನೂ ನಾಳೆ ವೆಲ್ಡರ್‌ನಿಂದ ಕೆಲಸ ಮಾಡಿಸಿಕೊಂಡರೆ ಕೂಲಿಯನ್ನು ಅವತ್ತೇ ಕೊಡು, ಪ್ರದರ್ಶನದ ಫಲಕದಲ್ಲಿ ಅವನ ಹೆಸರು ಹಾಕು.

ಎರಕದ ದುಡ್ಡಿಗಾಗಿ ಕಾಯುತ್ತ ಕೂರಬೇಡ. ಮೇಷ್ಟ್ರ ಕೆಲಸ ಸಿಕ್ಕರೆ ಹಿಡಿ. ಅನಾಟ್ಸುಯಿ ಮೂರು ದಶಕಕ್ಕೂ ಹೆಚ್ಚು ಕಾಲ ಪಾಠ ಹೇಳುತ್ತಲೇ ಇದರಲ್ಲಿ ಬಹುಪಾಲನ್ನು ಮಾಡಿದರು. ನಿಮ್ಮೂರಿನ ಗುಜರಿ ಅಂಗಡಿಗೆ ಹೋಗು, ನಿನ್ನ ಜನ ಬಳಸಿ ಬಿಟ್ಟ ಯಾವುದಾದರೂ ಲೋಹವನ್ನು ತಂದು ಕಣ್ಣೆದುರು ಇಟ್ಟುಕೋ. ಬಗ್ಗಿಸು, ಕತ್ತರಿಸು, ಹಾಳಾದರೆ ಆಗಲಿ. ಮುಂದಿನ ಸಲ ನನ್ನ ಹತ್ತಿರ ಬರುವಾಗ ಫೋಟೊ ಬೇಡ, ಆ ಲೋಹದ ತುಂಡನ್ನೇ ತೆಗೆದುಕೊಂಡು ಬಾ.